ಚಿನ್ನದ ಬೆನ್ನಿಗೆ ಬಂದದ್ದು

ಯಾದಗಿರಿ ಸೀಮೆಯ ಸುರಪುರ ತಾಲ್ಲೂಕಿನಲ್ಲೂ ಒಂದು ಮಂಗಳೂರಿತ್ತು. ಅಲ್ಲಿ ಕಡಲಿರಲಿಲ್ಲ, ಬಂದರಿರಲಿಲ್ಲ. ಇದ್ದದ್ದು ಚಿನ್ನದ ಗಣಿ. ಬ್ರಿಟಿಷರ ಕಾಲದಲ್ಲಿ ಅಗೆದು ಕೈಬಿಟ್ಟ ಗಣಿಯನ್ನು ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ತೆರೆದರು, ಮತ್ತೆ ಮುಚ್ಚಿದರು. ಚಿನ್ನ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ಸುತ್ತಲಿನ ಊರು, ತಾಂಡಾಗಳ ಪಾಲಿಗೆ ಉಳಿದದ್ದು ಬಂಡೆಯ ಸಂದಿನಿಂದ ಮೇಲೆ ಬರುವ ಬೋರಿನ ನೀರು.

ಕಿರದಳ್ಳಿ ತಾಂಡಾ ಅಂಥ ಒಂದು ಊರು. ವಿಷವಿದ್ದರೂ ನಾಲಿಗೆಗಾಗಲಿ ಮೂಗಿಗಾಗಲಿ ಸುಳಿವು ಕೊಡದ ನೀರು ಅದು. ಆದರೆ ಅದನ್ನು ಕುಡಿದವರ ಮೈಮೇಲೆ ಮಳೆಹನಿ ಸಿಡಿದ ಹಾಗೆ ಕಪ್ಪು ಬಿಳಿ ಮಚ್ಚೆಗಳು ಎದ್ದವು. ಅಂಗೈ ಅಂಗಾಲುಗಳಲ್ಲಿ ಚರ್ಮ ದಪ್ಪಗಟ್ಟಿ ಗಂಟುಗಂಟಾಯಿತು. ಯಾದಗಿರಿ ಸೀಮೆಯಲ್ಲಿ ನೀರಿನ ದೋಷವೆಂದರೆ ಮೊದಲು ನೆನಪಾಗುವುದು ಫ್ಲೋರೈಡ್. ಅದು ಹಲ್ಲನ್ನು ಕಂದಿಸುತ್ತದೆ, ಮೂಳೆ ಕೀಲುಗಳನ್ನು ಬಿಗಿಸುತ್ತದೆ, ಚರ್ಮದ ಮೇಲೆ ಹೀಗೆ ಬರೆಯುವುದಿಲ್ಲ. ಈ ಬರಹವನ್ನು ಓದಬಲ್ಲವರು ಬೇರೆ ಕಡೆ ತಯಾರಾಗಿದ್ದರು.

1983ರಲ್ಲಿ ಕೋಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಹೊರರೋಗಿಗಳ ಸಾಲಿನಲ್ಲಿ ಚರ್ಮವೈದ್ಯ ಕೆ. ಸಿ. ಸಾಹಾ ಅವರಿಗೆ ಇಂಥದೇ ಮಚ್ಚೆಗಳ ರೋಗಿಯೊಬ್ಬ ಎದುರಾದ. ಕಂಡವರು ಕುಷ್ಠವೆಂದು ದೂರ ಸರಿಯುವಂಥ ಚರ್ಮ. ಸಾಹಾ ದೂರ ಸರಿಯಲಿಲ್ಲ. ಒಬ್ಬನ ಹಿಂದೆ ಇನ್ನೊಬ್ಬ, ಒಂದು ಹಳ್ಳಿಯ ಹಿಂದೆ ಇನ್ನೊಂದು ಎಂದು ಜಾಡು ಹಿಡಿದಾಗ ಅದು ಕೊಳವೆಬಾವಿಗಳ ಬುಡಕ್ಕೆ ಹೋಗಿ ನಿಂತಿತು. ನೀರಿನಲ್ಲಿ ಆರ್ಸೆನಿಕ್ ಇತ್ತು. ಕೆರೆಕುಂಟೆಯ ನೀರು ಕುಡಿದು ವಾಂತಿಭೇದಿಯಿಂದ ಜನ ಸಾಯಬಾರದೆಂದು ಒಳ್ಳೆಯ ಮನಸ್ಸಿನಿಂದಲೇ ಕೊರೆಸಿದ್ದ ಬಾವಿಗಳವು!

1988ರಲ್ಲಿ ಜಾದವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ದೀಪಂಕರ್ ಚಕ್ರವರ್ತಿ ಈ ಬೆನ್ನಟ್ಟುವಿಕೆಗೆ ಇಳಿದರು. ಅವರ ತಂಡ ಊರೂರು ಅಲೆದು ಬಾಟಲಿಗಳಲ್ಲಿ ನೀರು ತುಂಬಿತು, ಕೂದಲು ಕತ್ತರಿಸಿತು, ಉಗುರು ಸಂಗ್ರಹಿಸಿತು. ಸುಮ್ಮನೆ ಗಾಬರಿ ಹುಟ್ಟಿಸುತ್ತಾರೆಂಬ ಮಾತನ್ನೂ ಅವರು ಕೇಳಬೇಕಾಯಿತು. ಅವರು ಮಾತಿಗೆ ಮಾತು ಬೆಳೆಸುವ ಬದಲು ಇನ್ನಷ್ಟು ಬಾಟಲಿ ತುಂಬಿದರು. ಹಠಮಾರಿಗಳಿಗೆ ಅದೇ ಸುಲಭದ ಉತ್ತರವಿರಬೇಕು.

ಆ ಬಾಟಲಿಗಳನ್ನು ಮಾತನಾಡಿಸಿದ ಉಪಾಯದ ಹಿಂದೆಯೂ ಒಂದು ಸೋಲಿನ ಕತೆಯಿತ್ತು. 1830ರ ದಶಕದ ಇಂಗ್ಲೆಂಡಿನಲ್ಲಿ ಮೊಮ್ಮಗನೊಬ್ಬ ತಾತನ ಕಾಫಿಗೆ ಆರ್ಸೆನಿಕ್ ಬೆರೆಸಿದನೆಂಬ ಮೊಕದ್ದಮೆ ನಡೆಯಿತು. ರಸಾಯನಜ್ಞ ಜೇಮ್ಸ್ ಮಾರ್ಷ್ ವಿಷವನ್ನು ಹಳದಿ ಗಷ್ಟಿನ ರೂಪದಲ್ಲಿ ಹಿಡಿದರು. ಆದರೆ ನ್ಯಾಯಾಲಯದಲ್ಲಿ ತೋರಿಸುವ ಹೊತ್ತಿಗೆ ಆ ಗಷ್ಟು ಕೆಟ್ಟುಹೋಗಿತ್ತು. ಜ್ಯೂರಿ ನಂಬಲಿಲ್ಲ, ಆರೋಪಿ ಬಿಡುಗಡೆಯಾದ. ಮುಂದೆ ಅವನೇ ತಪ್ಪೊಪ್ಪಿಕೊಂಡನಂತೆ. ಅವಮಾನ ಮಾರ್ಷ್ ಅವರನ್ನು ಸುಮ್ಮನೆ ಕೂರಗೊಡಲಿಲ್ಲ. ಆರ್ಸೆನಿಕ್ಕನ್ನು ಆರ್ಸೈನ್ ಎಂಬ ಅನಿಲವನ್ನಾಗಿ ಮಾಡಿ, ಅದನ್ನು ಸುಟ್ಟು, ತಣ್ಣನೆಯ ಪಿಂಗಾಣಿಯ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆಯಾಗಿ ಕೂರಿಸುವ ಪರೀಕ್ಷೆಯನ್ನು ಅವರು 1836ರಲ್ಲಿ ಪ್ರಕಟಿಸಿದರು. ಅದು ಕೆಡದ ಸಾಕ್ಷಿ. ಚಕ್ರವರ್ತಿಯವರ ತಂಡದ ಯಂತ್ರದ ಮೂಲತತ್ವವೂ ಅದೇ: ವಿಷವನ್ನು ಅನಿಲವಾಗಿಸಿ ನೀರಿನಿಂದ ಹೊರಗೆಳೆಯುವುದು, ಆಮೇಲೆ ಅದು ಎಷ್ಟು ಬೆಳಕು ನುಂಗುತ್ತದೆಂದು ಅಳೆಯುವುದು. ಹಾಗೆ ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದ ವಿಷವೂ ಸಿಕ್ಕಿಬೀಳುತ್ತಿತ್ತು.

ಇಷ್ಟಾದರೂ ಸುರಪುರದ ಕಡೆ ಬೊಟ್ಟು ಮಾಡಲು ಕಾರಣವಿರಲಿಲ್ಲ. ಆರ್ಸೆನಿಕ್ ಗಂಗೆಯ ಬಯಲಿನ ಮೆಕ್ಕಲು ಮಣ್ಣಿನ ಪೀಡೆ, ಗಟ್ಟಿ ಬಂಡೆಯ ನಾಡಿಗೆ ಅದರ ಹಂಗಿಲ್ಲ ಎಂಬ ಭಾವನೆ ಬಲವಾಗಿತ್ತು. 1999ರಲ್ಲಿ ಇಂದಿನ ಛತ್ತೀಸಗಡದ ರಾಜನಂದಗಾಂವ್ ಸೀಮೆಯ ಕೌಡಿಕಸಾ ಆ ಭಾವನೆಯನ್ನು ಕದಲಿಸಿತು. ಅಲ್ಲಿ ಮೆಕ್ಕಲಿರಲಿಲ್ಲ, ಬಂಡೆಯಿತ್ತು. ಮಚ್ಚೆಗಳು ಮಾತ್ರ ಅವೇ.

2009ರ ಡಿಸೆಂಬರ್ 30ರಂದು ಯಾದಗಿರಿ ಕಲಬುರಗಿಯಿಂದ ಬೇರ್ಪಟ್ಟು ಹೊಸ ಜಿಲ್ಲೆಯಾಯಿತು. ಕಚೇರಿಗಳಿಗೆ ಬೋರ್ಡು ಬರೆಸುತ್ತಿದ್ದ ಆ ಕಾಲದ ಆಸುಪಾಸಿನಲ್ಲೇ ಸುರಪುರದ ಗಣಿ ಸೀಮೆಯ ಚರ್ಮರೋಗ ಸುದ್ದಿಯಾಗತೊಡಗಿತು. ಚಕ್ರವರ್ತಿ ಮತ್ತು ಸಂಗಡಿಗರು ಬಂದರು, ವಿಜಯಪುರದ ವೈದ್ಯರು ಜೊತೆಗೂಡಿದರು. 59 ಕೊಳವೆಬಾವಿಗಳ ನೀರು ಪರೀಕ್ಷೆಗೆ ಹೋಯಿತು. 181 ಜನರ ಚರ್ಮವನ್ನು ತಪಾಸಣೆ ಮಾಡಿದರು. 171 ಜನರ ಕೂದಲು, ಉಗುರು ತೆಗೆದುಕೊಂಡರು. ನೀರು ಇಂದಿನ ಸಾಕ್ಷಿಯನ್ನಷ್ಟೇ ಹೇಳುತ್ತದೆ. ಆರ್ಸೆನಿಕ್ ಕೂದಲು ಉಗುರುಗಳ ಗಂಧಕಕ್ಕೆ ಅಂಟಿಕೊಳ್ಳುವುದರಿಂದ ಅವು ಹಿಂದಿನ ತಿಂಗಳುಗಳ ಸಾಕ್ಷಿಯನ್ನೂ ಹೇಳುತ್ತವೆ.

ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ನೂರಕ್ಕೆ 79 ಬಾವಿಗಳಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂನ ಮಿತಿ ದಾಟಿತ್ತು. ಒಂದರಲ್ಲಂತೂ 303. ತಪಾಸಣೆಗೊಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಅಂದರೆ ಶೇಕಡ 58.6 ಜನರಿಗೆ, ಚರ್ಮದ ಗುರುತುಗಳಿದ್ದವು. ಅನುಮಾನವಿದ್ದ ನಾಲ್ವರ ಚರ್ಮದ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಮೂವರಲ್ಲಿ ಆರ್ಸೆನಿಕ್ ಬಾಧೆ ಖಚಿತವಾಯಿತು. ಕೂದಲು ಉಗುರುಗಳ ವಿಷಯದಲ್ಲಿ ಲೆಕ್ಕ ಹಾಕುವ ಕಷ್ಟವೇ ಬರಲಿಲ್ಲ: ಕೊಟ್ಟವರೆಲ್ಲರಲ್ಲೂ ಆರ್ಸೆನಿಕ್ ಹೆಚ್ಚಿತ್ತು.

ಕಳ್ಳ ಸಿಕ್ಕಿದ್ದ, ಅವನು ಬಂದ ದಾರಿ ಸಿಕ್ಕಿರಲಿಲ್ಲ. ಗಂಗೆಯ ಮೆಕ್ಕಲು ಇಲ್ಲದ ಈ ಕಲ್ಲುನೆಲದಲ್ಲಿ ಆರ್ಸೆನಿಕ್ ಎಲ್ಲಿಂದ ಬಂತು? ಸುಳಿವು ಕೊಟ್ಟದ್ದು ಕಾಲಡಿಯ ಮಣ್ಣು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂಗೂ ಮೀರಿ ಆರ್ಸೆನಿಕ್ ಇತ್ತು. ಮಾಮೂಲಿ ಮಣ್ಣಿನಲ್ಲಿ ಕೆಲವೇ ಮಿಲಿಗ್ರಾಂ ಇರುವಂಥದ್ದು.

ಅಲ್ಲಿಗೆ ಹಳೆಯ ಗಣಿ ಕತೆಯೊಳಕ್ಕೆ ಬಂತು. ಚಿನ್ನವಿರುವ ಹಸಿರುಶಿಲೆಯ ಪಟ್ಟಿಗಳಲ್ಲಿ ಚಿನ್ನದ ಜೊತೆ ಆರ್ಸೆನೋಪೈರೈಟ್ ಎಂಬ ಖನಿಜ ಸೇರಿಕೊಂಡಿರುವುದು ಸಾಮಾನ್ಯ. ಅದು ಕಬ್ಬಿಣ, ಗಂಧಕ, ಆರ್ಸೆನಿಕ್‌ಗಳ ಕೂಟ. ಬಂಡೆಯೊಳಗೆ ಮುಚ್ಚಿಕೊಂಡಿರುವಷ್ಟು ಕಾಲ ಅದರ ತಂಟೆ ಕಡಿಮೆ. ಗಣಿಯಿಂದ ಮೇಲೆ ತಂದು, ಹಿಟ್ಟಿನಂತೆ ಅರೆದು, ಚಿನ್ನ ತೆಗೆದು ಉಳಿದದ್ದನ್ನು ರಾಶಿ ಹಾಕಿದಾಗ ಗಾಳಿ ಮಳೆ ಆ ಖನಿಜವನ್ನು ಒಡೆಯುತ್ತವೆ. ಆರ್ಸೆನಿಕ್ ಕರಗಿ ಮಣ್ಣಿಗೆ, ನೀರಿಗೆ ಇಳಿಯುತ್ತದೆ. ಗಣಿಯ ಕೈ ತಾಗದ ಬಂಡೆಯ ಬಿರುಕಿನಿಂದಲೂ ಒಂದಿಷ್ಟು ತಾನಾಗಿ ಒಸರಬಹುದು. ಬಂಡೆಯ ಪಾಲೆಷ್ಟು, ಗಣಿಯ ಪಾಲೆಷ್ಟು ಎಂದು ಸಂಶೋಧಕರು ತೀರ್ಪು ಕೊಡಲಿಲ್ಲ. ಇನ್ನೂ ಅಧ್ಯಯನ ಬೇಕೆಂದಷ್ಟೇ ಬರೆದರು. ಆರ್ಸೆನಿಕ್ ಜನರ ಮೈಸೇರಿದ ಮುಖ್ಯ ದಾರಿ ಬೋರಿನ ನೀರೇ ಇರಬೇಕೆಂದು ಊಹಿಸಿದರೂ, ಮಣ್ಣಿನಿಂದಲೂ ಅದು ದೇಹ ಸೇರಬಹುದೆಂಬ ಎಚ್ಚರವನ್ನು ಬಿಡಲಿಲ್ಲ.