ಅನ್ನ ಬಿಟ್ಟು ಚಪಾತಿ ಹಿಡಿದರೆ ತೂಕ ಇಳಿಯುತ್ತದೆಯೇ?

ಅನ್ನ ತಿಂದರೆ ಮೈ ಬರುತ್ತದೆ, ಚಪಾತಿ ತಿಂದರೆ ಇಳಿಯುತ್ತದೆ ಎಂಬುದು ಕನ್ನಡದ ಮನೆಗಳಲ್ಲಿ ಬೇರೂರಿದ ಮಾತು. ಕೆಲಸದ ಮೇಲೆ ಗ್ರೇಟರ್ ನೋಯ್ಡಾಕ್ಕೆ ಬಂದು, ಪರೀ ಚೌಕದ ಆಸುಪಾಸಿನಲ್ಲೋ ನೋಯ್ಡಾ ಎಕ್ಸ್‌ಟೆನ್ಶನ್ನಿನ ಅಪಾರ್ಟ್‌ಮೆಂಟುಗಳಲ್ಲೋ ಸಂಸಾರ ಹೂಡಿದವರಿಗೆ ಈ ನಂಬಿಕೆಯನ್ನು ಪಾಲಿಸುವುದು ಇನ್ನೂ ಸುಲಭ. ಸುತ್ತಲೂ ಗೋಧಿಯ ಸೀಮೆ, ಅಡುಗೆಗೆ ಬರುವವರ ಕೈಗೂ ರೊಟ್ಟಿಯೇ ಒಗ್ಗಿರುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲರಿ ಇದ್ದರೆ ಅಷ್ಟೇ ಗೋಧಿ ಹಿಟ್ಟಿನಲ್ಲಿ 320ರಿಂದ 340 ಇರುತ್ತದೆ. 30 ಗ್ರಾಂ ಹಿಟ್ಟಿನ ಒಂದು ಫುಲ್ಕಾಕ್ಕೆ ನೂರು ಕ್ಯಾಲರಿ ಎಂದಿಟ್ಟುಕೊಳ್ಳೋಣ. ಒಲೆಯಿಂದ ಇಳಿಸಿದ ಕೂಡಲೇ ಮೇಲೆ ಸವರುವ ಒಂದು ಚಿಕ್ಕ ಚಮಚ ತುಪ್ಪಕ್ಕೆ ಇನ್ನೊಂದು 45. ಹಾಗೆ ನಾಲ್ಕು ತಿಂದರೆ 580 ಆಯಿತು. 160 ಗ್ರಾಂ ಅಕ್ಕಿ ಬೇಯಿಸಿ ತಟ್ಟೆ ತುಂಬ ಅನ್ನ ಉಂಡರೂ ಹತ್ತಿರ ಹತ್ತಿರ ಅಷ್ಟೇ. ಪರಾಠಾದ ಮಾತಂತೂ ಬೇಡವೇ ಬೇಡ.

ಗೋಧಿಯಲ್ಲಿ ನಾರು ಹೆಚ್ಚಲ್ಲವೇ, ರಾಗಿಯಲ್ಲೂ ಹೆಚ್ಚಲ್ಲವೇ ಎಂದು ಕೇಳಬಹುದು. ಹೆಚ್ಚೇ ಇದೆ, ಅದರಿಂದ ಪ್ರಯೋಜನವೂ ಇದೆ. ಆದರೆ ಧಾನ್ಯ ಬದಲಿಸಿದ ಮಾತ್ರಕ್ಕೆ ಎಷ್ಟು ಲಾಭ ಎಂಬುದೇ ಇಲ್ಲಿನ ಪ್ರಶ್ನೆ. ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಸಮೀಕ್ಷೆಯ ಆಹಾರದ ವಿವರಗಳು 2025ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದವು. ಭಾರತೀಯರ ಊಟದ ಶಕ್ತಿಯಲ್ಲಿ ಶೇ. 62ರಷ್ಟು ಬರುವುದು ಪಿಷ್ಟ, ಸಕ್ಕರೆಗಳಿಂದಲೇ ಎಂದು ಅದು ಹೇಳಿತು. ಬಿಳಿ ಧಾನ್ಯದ ಜಾಗದಲ್ಲಿ ಇಡೀ ಗೋಧಿಯ ಅಥವಾ ಸಿರಿಧಾನ್ಯದ ಹಿಟ್ಟು ಬಂದರಷ್ಟೇ ಮಧುಮೇಹದ ಅಪಾಯವಾಗಲಿ ಹೊಟ್ಟೆಯ ಬೊಜ್ಜಾಗಲಿ ಕಡಿಮೆಯಾದಂತೆ ಕಾಣಲಿಲ್ಲ. ಪಿಷ್ಟದ ಒಂದು ಪಾಲು ತಗ್ಗಿ ಅಲ್ಲಿ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ಬಂದಲ್ಲಿ ಮಧುಮೇಹದ ಅಪಾಯ ಕಡಿಮೆಯಿತ್ತು. ಇದು ಸಮೀಕ್ಷೆಯ ನಂಟು, ಪ್ರಯೋಗದ ರುಜುವಾತಲ್ಲ; ಆದರೂ ದಾರಿ ಯಾವ ಕಡೆಗೆ ಎಂಬುದು ಇದರಿಂದ ತಿಳಿಯುತ್ತದೆ.

ತೂಕ ಇಳಿಸುವ ಪ್ರಯತ್ನಗಳು ಸೋಲುವುದು ಬಹುಪಾಲು ಹಸಿವಿನ ಎದುರು. ಮನಸ್ಸು ಗಟ್ಟಿಯಿಲ್ಲ ಎಂದು ತಮ್ಮನ್ನೇ ಹಳಿದುಕೊಳ್ಳುವವರನ್ನು ಕಂಡರೆ ಸಂಕಟವಾಗುತ್ತದೆ, ಏಕೆಂದರೆ ತಪ್ಪು ಇರುವುದು ತಟ್ಟೆಯಲ್ಲಿ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು 38 ಆಹಾರಗಳನ್ನು ಸಮ ಕ್ಯಾಲರಿಯ ಪಾಲುಗಳಲ್ಲಿ ಕೊಟ್ಟು, ಎರಡು ಗಂಟೆಯವರೆಗೆ ಹೊಟ್ಟೆ ಎಷ್ಟು ತುಂಬಿದಂತಿದೆ ಎಂದು ಕೇಳುತ್ತ ಹೋದರು. ಬಿಳಿ ಬ್ರೆಡ್ಡಿಗೆ 100 ಅಂಕ ಎಂದುಕೊಂಡರೆ, ಬರೀ ಬೇಯಿಸಿದ ಆಲೂಗಡ್ಡೆಗೆ 323 ಬಂತು, ಬೆಣ್ಣೆ ತುಂಬಿದ ಕ್ರೊಸಾಂಗೆ 47. ಬಿಳಿ ಅನ್ನ ಬ್ರೆಡ್ಡಿಗಿಂತ ಮೇಲಿತ್ತು; ಕಂದು ಅಕ್ಕಿಯ ಅನ್ನಕ್ಕೂ ಅದಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ದಪ್ಪಗಾಗುತ್ತೇವೆಂದು ದೂರವಿಟ್ಟ ಆಲೂಗಡ್ಡೆಯೇ ಪಟ್ಟಿಯ ತುದಿಯಲ್ಲಿ ಕೂತಿತು. ನೀರು, ನಾರು, ಪ್ರೋಟೀನ್ ಹೆಚ್ಚಿದ್ದ ಆಹಾರಗಳು ಹೊಟ್ಟೆ ತುಂಬಿಸಿದವು, ಕೊಬ್ಬು ಹೆಚ್ಚಿದ್ದವು ತುಂಬಿಸಲಿಲ್ಲ. ಅದೇ ಆಲೂಗಡ್ಡೆ ಬೆಣ್ಣೆಯಲ್ಲಿ ಬೆಂದ ಪರಾಠಾದೊಳಗೆ ಸೇರಿದರೆ ಲೆಕ್ಕವೇ ಬೇರೆ.

ಹಾಗಾದರೆ ಊಟಕ್ಕೆ ಮೊದಲು ನೀರು ಕುಡಿದರೆ ಸಾಲದೇ? ಇದಕ್ಕೂ 1999ರ ಒಂದು ಪ್ರಯೋಗದಲ್ಲಿ ಉತ್ತರವಿದೆ. ಅಮೆರಿಕದ ಬಾರ್ಬರಾ ರೋಲ್ಸ್ ಅವರ ತಂಡ ಕೋಳಿ, ಅನ್ನದ ಒಂದು ಖಾದ್ಯವನ್ನು 24 ಹೆಂಗಸರಿಗೆ ಒಮ್ಮೆ ಹಾಗೆಯೇ, ಒಮ್ಮೆ ಪಕ್ಕದಲ್ಲಿ ಲೋಟ ನೀರಿನೊಡನೆ, ಇನ್ನೊಮ್ಮೆ ಅದೇ ನೀರನ್ನು ಬೆರೆಸಿ ಸೂಪ್ ಮಾಡಿ ಕೊಟ್ಟಿತು. ಲೋಟದ ನೀರು ಮುಂದಿನ ಊಟವನ್ನು ತಗ್ಗಿಸಲಿಲ್ಲ. ಸೂಪ್ ಕುಡಿದ ದಿನ ಸುಮಾರು ನೂರು ಕ್ಯಾಲರಿ ಕಡಿಮೆ ಉಂಡರು. ನಮ್ಮ ತಿಳಿಸಾರು, ಹುಳಿ, ಮಜ್ಜಿಗೆಹುಳಿಗಳು ಈ ಜಾತಿಯ ಅಡುಗೆಗಳೇ. ಗೋಧಿಯ ಊರಿಗೆ ಬಂದು ಚಪಾತಿಯ ಜತೆ ಎಣ್ಣೆ ತೇಲುವ ಒಣ ಪಲ್ಯವನ್ನಷ್ಟೇ ಇಟ್ಟುಕೊಂಡವರು ಅನ್ನದೊಡನೆ ಸಾರನ್ನೂ ಕಳೆದುಕೊಂಡಿರುತ್ತಾರೆ. ನನ್ನ ಎಣಿಕೆಯಲ್ಲಿ ದೊಡ್ಡ ನಷ್ಟ ಅದು.

ಇಷ್ಟೆಲ್ಲ ಪ್ರೋಟೀನ್, ತರಕಾರಿ ದುಬಾರಿ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ; ಡಬ್ಬಿಯ ಪುಡಿ, ಪನೀರುಗಳನ್ನೇ ನೆಚ್ಚಿದರೆ ದುಬಾರಿಯೇ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ 2000 ಕ್ಯಾಲರಿಯ ದಿನಕ್ಕೆ ಹೇಳುವುದು ಧಾನ್ಯ ಸುಮಾರು 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ಸೇರಿ ತರಕಾರಿ 400 ಗ್ರಾಂ. ಕಡಲೆ, ಹೆಸರು, ಅಲಸಂದೆ ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಚಳಿಗಾಲದಲ್ಲಿ ಇಲ್ಲಿನ ವಾರದ ಸಂತೆಗೆ ಮೂಲಂಗಿ, ಕೆಂಪು ಗಜ್ಜರಿಯ ಜತೆ ಬಥುವಾ ಎಂಬ ಸೊಪ್ಪು ರಾಶಿ ರಾಶಿ ಬರುತ್ತದೆ. ಅದು ನಮ್ಮ ಚಕ್ಕೋತ ಸೊಪ್ಪೇ. ಹೆಸರುಕಾಳಿನ ಜತೆ ಬೇಯಿಸಿ ಬಸಿದರೆ ಕಟ್ಟು ಬಸ್ಸಾರಾಗುತ್ತದೆ, ಉಳಿದ ಸೊಪ್ಪು ಕಾಳು ಪಲ್ಯವಾಗುತ್ತದೆ. ಪಕ್ಕದಲ್ಲಿ ಒಂದು ಬಟ್ಟಲು ಮೊಸರು, ಎರಡು ಫುಲ್ಕಾ ಅಥವಾ ಅಷ್ಟೇ ಪ್ರಮಾಣದ ಅನ್ನ, ಯಾವುದು ಇಷ್ಟವೋ ಅದು.