ಬಟ್ಟೆಯ ಲೆಕ್ಕ ಮಕ್ಕಳ ಕೈಲಿರಲಿ

ಹದಿನೈದು ತುಂಬಿತೆಂದರೆ ಮಕ್ಕಳಿಗೆ ಅಪ್ಪ ಅಮ್ಮ ತಂದ ಬಟ್ಟೆ ಹಿಡಿಸುವುದಿಲ್ಲ. ‘ನನ್ನ ಬಟ್ಟೆ ನಾನೇ ಆರಿಸ್ತೀನಿ’ ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಹಬ್ಬ ಹತ್ತಿರವಾದಾಗ ಅದು ಜಗಳಕ್ಕೂ ತಿರುಗುವುದುಂಟು. ಆರಿಸುವ ಹಕ್ಕು ಕೇಳುವ ಮಕ್ಕಳಿಗೆ ಲೆಕ್ಕ ಇಡುವ ಹೊಣೆಯನ್ನೂ ಏಕೆ ಕೊಡಬಾರದು?

ಈ ಪಾಠ ಕಲಿಯಲು ಬಳ್ಳಾರಿ ತಕ್ಕ ಊರು. ಬ್ರಿಟಿಷರ ಕಾಲದಲ್ಲಿ ಇದು ದಂಡಿನ ಊರಾಗಿತ್ತು. ಸೈನಿಕರಿಗೆ ಬಟ್ಟೆ ಹೊಲಿಯುತ್ತಿದ್ದ ದರ್ಜಿಗಳ ಕಸುಬು ಬೆಳೆದು, ಮುಂದೆ ಬಳ್ಳಾರಿ ಜೀನ್ಸ್‌ಗೆ ಹೆಸರಾಯಿತು. ಇಲ್ಲಿ ಒಂದು ಪ್ಯಾಂಟ್ ಒಬ್ಬರ ಕೈಯಲ್ಲಿ ಮುಗಿಯುವುದಿಲ್ಲ. ಕತ್ತರಿಸುವವರು ಒಬ್ಬರು, ಹೊಲಿಯುವವರು ಇನ್ನೊಬ್ಬರು. ಗುಂಡಿ ಹಾಕುವುದು, ವಾಷಿಂಗ್, ಇಸ್ತ್ರಿ ಬೇರೆಬೇರೆ ಕಡೆ. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ದುಡಿಯುವುದು ತುಂಡಿನ ಲೆಕ್ಕದ ಕೂಲಿಗೆ. ಅಂಗಡಿಯ ಬೆಲೆಚೀಟಿಯ ಹಿಂದೆ ಎಷ್ಟು ಕೈಗಳಿವೆ, ಒಬ್ಬೊಬ್ಬರಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಆ ಮನೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಬೆಳೆಯೊಂದಿಗೆ ಬರುವ ಹಣ

ಸಿರುಗುಪ್ಪ, ಕುರುಗೋಡು ಕಡೆಯ ಕಥೆ ಬೇರೆ. ಅಲ್ಲಿ ಮನೆಗೆ ಹಣ ಬರುವುದು ತಿಂಗಳ ಮೊದಲ ತಾರೀಖಿನಂದಲ್ಲ. ಭತ್ತ, ಮೆಣಸಿನಕಾಯಿ ಮಾರಿದಾಗ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಲೆ ಕುಸಿತದಿಂದ ರೈತರು ರೊಚ್ಚಿಗೆದ್ದದ್ದನ್ನು ನಾಡೆಲ್ಲ ನೋಡಿತು. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆ ನಂಬಿದ ಮನೆಗಳಲ್ಲಿ ಚಿಂತೆ ಆವರಿಸಿತು. ಇಂಥ ವರ್ಷ ಮೊದಲು ಕತ್ತರಿ ಬೀಳುವುದು ಬಟ್ಟೆಯ ಖರ್ಚಿಗೆ. ಕಾರಣ ತಿಳಿಯದ ಹುಡುಗನಿಗೆ ಅಪ್ಪನ ‘ಈ ಸಲ ಬೇಡ’ ಎಂಬ ಮಾತು ಜಿಪುಣತನವಾಗಿ ಕಾಣುತ್ತದೆ. ಮನೆಯ ಲೆಕ್ಕ ತಿಳಿದವನಿಗೆ ಹಾಗೆ ಕಾಣುವುದಿಲ್ಲ.

ಆದ್ದರಿಂದ ನಮ್ಮ ಕಡೆಯ ಮಕ್ಕಳಿಗೆ ತಿಂಗಳ ಬಜೆಟ್‌ಗಿಂತ ವರ್ಷದ ಬಜೆಟ್ ಮೇಲು. ಮೊದಲು ಟ್ರಂಕು, ಬೀರು ತೆಗೆದು ಇರುವ ಬಟ್ಟೆಯನ್ನು ಪಟ್ಟಿ ಮಾಡಿ. ಗಿಡ್ಡವಾದದ್ದು, ಹರಿದದ್ದು, ರಿಪೇರಿಯಾಗುವಂಥದ್ದು ಎಂದು ಬೇರ್ಪಡಿಸಿ. ಬೇಕಾದದ್ದು ಯಾವುದು, ಬರೀ ಆಸೆ ಯಾವುದು ಎಂಬುದು ಅಲ್ಲಿಯೇ ಅರ್ಧ ಸ್ಪಷ್ಟವಾಗುತ್ತದೆ.

ಉದಾಹರಣೆಗೆ, ಪಿಯುಸಿ ಓದುವ ಹುಡುಗಿಯೊಬ್ಬಳಿಗೆ ವರ್ಷಕ್ಕೆ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸಮವಸ್ತ್ರ, ಒಳ ಉಡುಪು, ಚಪ್ಪಲಿಗೆ 2,400. ದಿನಬಳಕೆಯ ಉಡುಪಿಗೆ 1,800. ಹಬ್ಬ, ಜಾತ್ರೆಗೆ 1,200. ಉಳಿದ 600 ರೂಪಾಯಿ ಮುಟ್ಟಬಾರದ ಹಣ. ಚಪ್ಪಲಿ ಕಿತ್ತುಹೋದರೆ, ಗೆಳತಿಯ ಅಕ್ಕನ ಮದುವೆ ಬಂದರೆ ಅದು ಕೈ ಹಿಡಿಯುತ್ತದೆ. ಮೊತ್ತ ಮನೆಯಿಂದ ಮನೆಗೆ ಬೇರೆಯಾದೀತು. ಹಂಚುವ ಕ್ರಮ ಒಂದೇ. ಯುಗಾದಿಗೋ ದೊಡ್ಡಬಸವೇಶ್ವರ ಜಾತ್ರೆಗೋ ಎಲ್ಲ ಹಣ ಸುರಿದವರು ಜೂನ್‌ನಲ್ಲಿ ಕಾಲೇಜು ತೆರೆದಾಗ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ.

ಒಂದು ಸಲ ತೊಟ್ಟರೆ ಎಷ್ಟು?

ಅಗ್ಗ, ದುಬಾರಿ ಎಂಬುದನ್ನು ಬೆಲೆಚೀಟಿಯೊಂದೇ ಹೇಳುವುದಿಲ್ಲ. 600 ರೂಪಾಯಿಯ ಜೀನ್ಸನ್ನು ವಾರಕ್ಕೆ ಎರಡು ಸಲದಂತೆ ವರ್ಷವಿಡೀ ತೊಟ್ಟರೆ ಸುಮಾರು ನೂರು ಸಲವಾಯಿತು. ಸಲಕ್ಕೆ 6 ರೂಪಾಯಿ. 300 ರೂಪಾಯಿಯ ಅಂಗಿ ಹತ್ತು ಸಲಕ್ಕೆ ಬಣ್ಣ ಬಿಟ್ಟರೆ ಸಲಕ್ಕೆ 30. 1,500 ರೂಪಾಯಿಯ ಮಿಂಚಿನ ಉಡುಪನ್ನು ಐದೇ ಸಲ ತೊಟ್ಟರೆ ಸಲಕ್ಕೆ 300! ಹಾಗೆಂದು ಮಿಂಚಿನ ಉಡುಪು ತಪ್ಪಲ್ಲ. ಲೆಕ್ಕ ತಿಳಿದು ಕೊಳ್ಳುವುದು ಬೇರೆ, ತಿಳಿಯದೆ ಕೊಂಡು ಪರಿತಪಿಸುವುದು ಬೇರೆ.

ಜೀನ್ಸ್ ಕೊಳ್ಳುವಾಗ ಒಳಗಡೆ ತಿರುಗಿಸಿ ನೋಡಿ. ಹೊಲಿಗೆ ಒತ್ತಾಗಿದೆಯೇ, ನೂಲು ಜೋತುಬಿದ್ದಿದೆಯೇ? ಜಿಪ್ಪನ್ನು ನಾಲ್ಕು ಸಲ ಎಳೆಯಿರಿ. ನಿಂತು ಮಾತ್ರವಲ್ಲ, ಕೂತೂ ನೋಡಿ. ಹಳೆಯದಾಗಿ ಕಾಣಲೆಂದು ಉಜ್ಜಿದ, ಹರಿದ ಜೀನ್ಸ್ ಸೊಗಸಾಗಿ ಕಂಡೀತು. ಆದರೆ ಉಜ್ಜಿದ ಕಡೆ ಎಳೆ ಸವೆದಿರುತ್ತದೆ, ಬಾಳಿಕೆ ಕಡಿಮೆ. ಆ ಮಾಸಲು ಬಣ್ಣಕ್ಕೆ ವಾಷಿಂಗ್ ಘಟಕದಲ್ಲಿ ನೀರು, ರಾಸಾಯನಿಕ ಖರ್ಚಾಗಿರುತ್ತವೆ ಎಂಬುದೂ ನೆನಪಿರಲಿ.

ಮೊಬೈಲಿನಲ್ಲಿ ತರಿಸುವವರು ಸರಿಯಾಗಿ ಕೂಡುವ ಹಳೆಯ ಪ್ಯಾಂಟನ್ನು ಟೇಪಿನಿಂದ ಅಳೆದು ಸೊಂಟ, ಉದ್ದ ಬರೆದಿಟ್ಟುಕೊಳ್ಳಬೇಕು. ಒಂದು ಕಂಪನಿಯ 30 ಇನ್ನೊಂದರ 30 ಆಗಿರಬೇಕೆಂದಿಲ್ಲ. ವಾಪಸ್ ಮಾಡುವ ಗಡುವನ್ನು ಹಣ ಕೊಡುವ ಮುಂಚೆಯೇ ಓದಿರಿ.

ದಾರಿಯ ಖರ್ಚೂ ಬಟ್ಟೆಯ ಖರ್ಚೇ. ಸಿರುಗುಪ್ಪದ ಹುಡುಗ ಬಳ್ಳಾರಿಗೆ ಬಂದರೆ ಹೋಗಿಬರುವ ಟಿಕೆಟ್ಟು, ಮಧ್ಯಾಹ್ನದ ಊಟ ಸೇರಿಸಿಯೇ ಅಂಗಿಯ ಬೆಲೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಾಗಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹುಡುಗಿಯರಿಗೆ ಟಿಕೆಟ್ ಖರ್ಚಿಲ್ಲ. ಆದರೆ ಅಳತೆ ತಪ್ಪಿ ಮತ್ತೆ ಬರಬೇಕಾದರೆ ಅವರಿಗೂ ಒಂದು ದಿನ ಹೋಯಿತು. ಊರಿನ ಅಂಗಡಿಯಲ್ಲಿ ಐವತ್ತು ರೂಪಾಯಿ ಹೆಚ್ಚಾದರೂ ಕೆಲವೊಮ್ಮೆ ಅದೇ ಲಾಭ.

ಬಿಲ್ ಕೇಳಲು ಸಂಕೋಚವೇಕೆ?

ಮುದ್ರಿತ ಎಂ.ಆರ್.ಪಿ.ಯಲ್ಲಿ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಮತ್ತೆ ಜಿ.ಎಸ್.ಟಿ. ಕೇಳುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ 18 ತೆರಿಗೆ. ‘ಒಮ್ಮೆ ಮಾರಿದ್ದು ವಾಪಸ್ ಇಲ್ಲ’ ಎಂಬ ಬೋರ್ಡಿಗೂ ಹೆದರಬೇಕಿಲ್ಲ. ಬಣ್ಣ ಇಷ್ಟವಾಗಲಿಲ್ಲವೆಂದರೆ ಅಂಗಡಿಯವರು ಒಪ್ಪದಿರಬಹುದು. ಆದರೆ ದೋಷವಿರುವ ಮಾಲನ್ನು ಬಿಲ್‌ನಲ್ಲಿ ನಮೂದಿಸಿದ ಅವಧಿಯೊಳಗೆ, ನಮೂದಿಸದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇದಕ್ಕೆಲ್ಲ ಬಿಲ್ ಕೈಲಿರಬೇಕು.

ಪಾಲಕರಿಗೆ ಎರಡು ಮಾತು

ಹಣ ಕೊಟ್ಟ ಮೇಲೆ ಆಯ್ಕೆಯಲ್ಲಿ ತಲೆ ಹಾಕದಿರುವುದೇ ಕಷ್ಟ. ಮಗ ಆರಿಸಿದ ಬಣ್ಣ ನಿಮಗೆ ಹಿಡಿಸದಿರಬಹುದು. ಮೊದಲ ತೊಳೆತಕ್ಕೇ ಅದು ಕುಗ್ಗಲೂಬಹುದು. ಆಗ ‘ನಾ ಮೊದಲೇ ಹೇಳಿದ್ದೆ’ ಎನ್ನಬೇಡಿ. ಕರಗಿ ಮತ್ತೆ ಹಣ ಕೊಡಲೂ ಬೇಡಿ. ಮುನ್ನೂರು ರೂಪಾಯಿಯಲ್ಲಿ ಈಗ ಕಲಿತ ಪಾಠ, ನಾಳೆ ಮೂರು ಲಕ್ಷದ ಸಾಲಕ್ಕೆ ಸಹಿ ಹಾಕುವ ಮುಂಚೆ ನೆನಪಿಗೆ ಬರುತ್ತದೆ. ಒಂದು ಕಟ್ಟುಪಾಡು ಸಾಕು: ಖರ್ಚನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ತಿಂಗಳಿಗೊಮ್ಮೆ ತೋರಿಸಬೇಕು. ನೀವೂ ಅಷ್ಟೇ, ಬೆಳೆಗೆ ಎಷ್ಟು ಸಿಕ್ಕಿತು, ಸಾಲಕ್ಕೆ ಎಷ್ಟು ಹೋಯಿತು ಎಂಬುದನ್ನು ಮಕ್ಕಳ ಮುಂದೆ ಮಾತಾಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮಕ್ಕಳಿಗೆ ಹೇಳುತ್ತಲೇ ಇರುತ್ತೇವೆ. ಹಾಸಿಗೆ ಎಷ್ಟುದ್ದವಿದೆ ಎಂಬುದನ್ನೂ ಅವರಿಗೆ ತೋರಿಸಬೇಕಲ್ಲವೇ?