ದೇವರು ಬಾರದ ಗೋಪುರ

ಮೇಲುಕೋಟೆಯ ರಾಯಗೋಪುರದ ಬುಡಕ್ಕೆ ಬಂದದ್ದೇ ತಡ, ನನ್ನ ಸೋದರಮಾವ ಚಪ್ಪಲಿ ಕಳಚಿ ಕಲ್ಲಿನ ಬದಿಗಿಟ್ಟು, ಅಂಗಿಯ ಮೊದಲ ಗುಂಡಿಗೆ ಕೈ ಹಾಕಿದರು. ಕಾಸರಗೋಡಿನ ನೆಕ್ರಾಜೆಯವರ ಅಭ್ಯಾಸಬಲ. ಮಧೂರಿಗೆ ಹೋಗಲಿ, ಅನಂತಪುರದ ಕೆರೆಯ ನಡುವಿನ ಗುಡಿಗೆ ಹೋಗಲಿ, ನಮ್ಮ ಕಡೆ ಗಂಡಸರು ಅಂಗಿ ಬನಿಯನು ತೆಗೆದು ಹೆಗಲಿಗೆ ಹಾಕಿಕೊಳ್ಳದೆ ಒಳಗೆ ಕಾಲಿಡುವುದಿಲ್ಲ.

"ಮಾವ, ಇಲ್ಲಿ ದೇವರೇ ಇಲ್ಲ" ಎಂದೆ.

"ಇಲ್ಲದ್ದಕ್ಕೆ ಇಷ್ಟು ದೊಡ್ಡ ಗೋಪುರವಾ?" ಎಂದು ತಲೆಯೆತ್ತಿ ನೋಡಿದರು. ಗುಂಡಿ ಹಾಕಿಕೊಂಡರು. ಚಪ್ಪಲಿ ಮಾತ್ರ ಮತ್ತೆ ಮೆಟ್ಟಲಿಲ್ಲ.

ಈ ಗೋಪುರವನ್ನು ನಾನು ಮೊದಲು ನೋಡಿದ್ದು ಊರಿನ ಮದುವೆಮನೆಯೊಂದರ ಅಂಗಳದಲ್ಲಿ, ಬಾಡಿಗೆಗೆ ತಂದ ವಿಸಿಆರ್‌ನಲ್ಲಿ. ಮಣಿರತ್ನಂ ಅವರ 'ದಳಪತಿ', 1991ರ ದೀಪಾವಳಿಗೆ ತೆರೆಕಂಡ ಚಿತ್ರ. ಕರ್ಣ-ದುರ್ಯೋಧನರ ಗೆಳೆತನವನ್ನೇ ಇಂದಿನ ಕಾಲಕ್ಕೆ ತಂದ ಕತೆ, ರಜನಿಕಾಂತ್ ಮತ್ತು ಮಮ್ಮುಟ್ಟಿ. ರಾತ್ರಿಯಿಡೀ ಯಕ್ಷಗಾನದಲ್ಲಿ ಕರ್ಣನನ್ನು ನೋಡಿದ್ದ ನಮಗೆ ಕತೆ ತಿಳಿಯಲು ತಮಿಳು ಬೇಕಾಗಲಿಲ್ಲ. ಅದರಲ್ಲೊಂದು ಹಾಡು, 'ರಾಕ್ಕಮ್ಮ ಕೈಯ ತಟ್ಟು'. ಕುಣಿಯುವ ಗುಂಪಿನ ಹಿಂದೆ ಆಕಾಶಕ್ಕೆ ಚುಚ್ಚಿಕೊಂಡಂತೆ ನಾಲ್ಕು ಕಂಬ. ಇಳಯರಾಜ ಅವರ ಆ ಹಾಡು ಮುಂದೆ 2002ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ನಡೆಸಿದ ಜಗತ್ತಿನ ಹತ್ತು ಮೆಚ್ಚಿನ ಹಾಡುಗಳ ಮತದಾನದಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ನಡುವೆ ಕುಣಿತ ತಗ್ಗಿ ಅಪ್ಪರ್ ಸ್ವಾಮಿಗಳ ತೇವಾರದ ಪದ್ಯವೊಂದು ತೇಲಿಬರುತ್ತದೆ. ನಟರಾಜನ ಸ್ತುತಿ ಅದು, ಅಪ್ಪಟ ಶೈವರದು. ರಾಮಾನುಜಾಚಾರ್ಯರು ನೆಲೆ ನಿಂತ, ಶ್ರೀವೈಷ್ಣವರ ಹೃದಯದಂಥ ಊರಿನ ಕಂಬಗಳ ನಡುವೆ! ಸಿನಿಮಾಕ್ಕೆ ಇಂಥ ಮಡಿಮೈಲಿಗೆ ಇಲ್ಲ. ಹಾಡು ಕೇಳುವವರಿಗೂ ಇಲ್ಲವೆನ್ನಿ.

ಸಿನಿಮಾ ಜಾಗ ನೋಡಲು ಹೋಗುವ ಚಟ ನಮಗೆ ಹತ್ತಿದ್ದು ಬೇಕಲದಿಂದ. ಅದೇ ಮಣಿರತ್ನಂ 1995ರ 'ಬಾಂಬೆ' ಚಿತ್ರದ 'ಉಯಿರೇ' ಹಾಡಿಗೆ ನಮ್ಮ ಬೇಕಲ ಕೋಟೆಗೆ ಬಂದಿದ್ದರು. ಆಮೇಲೆ ಕೆಳದಿಯ ಶಿವಪ್ಪ ನಾಯಕನ ಕೋಟೆ ಎಂದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ, 'ಬಾಂಬೆಯ ಕೋಟೆ' ಎಂದರೆ ಆಗುತ್ತಿತ್ತು. ಬಂದವರೆಲ್ಲ ಸಮುದ್ರಕ್ಕೆ ಚಾಚಿದ ಮುರಕಲ್ಲಿನ ಕೊತ್ತಳದತ್ತ ಓಡುವವರೇ. ಕೋಟೆ ಬಾಗಿಲಲ್ಲಿ ಮುಖ್ಯಪ್ರಾಣನ ಗುಡಿಯಿದೆ, ದಿನವೂ ಪೂಜೆಯಿರುವ ಗುಡಿ. ಹಾಡು ಅದನ್ನು ದಾಟಿ ಕೊತ್ತಳಕ್ಕೆ ಹೋಯಿತು. ಆಗಲೇ ನನಗೊಂದು ಗುಮಾನಿ ಹುಟ್ಟಿತ್ತು, ಮೇಲುಕೋಟೆಯಲ್ಲಿ ಅದು ಗಟ್ಟಿಯಾಯಿತು: ಸಿನಿಮಾದವರಿಗೆ ಗುಡಿ ಬೇಕು, ಗುಡಿಯೊಳಗಿನ ದೇವರು ಬೇಡ. ದೇವರಿದ್ದರೆ ಹೊತ್ತು ಹೊತ್ತಿಗೆ ನಡೆ ಮುಚ್ಚಬೇಕು, ಅರ್ಚಕರು ಬರಬೇಕು, ಅಂಗಿ ಬಿಚ್ಚಬೇಕು, ಕ್ಯಾಮೆರಾ ಹೊರಗಿಡಬೇಕು. ರಾಯಗೋಪುರದಲ್ಲಿ ಇವೊಂದೂ ಇಲ್ಲ.

ಚೆರ್ಕಳ-ಜಾಲ್ಸೂರು ರಸ್ತೆ ಹಿಡಿದು, ಸುಳ್ಯ, ಮಡಿಕೇರಿ ದಾಟಿ, ಮೈಸೂರಿನಲ್ಲಿ ರಾತ್ರಿ ತಂಗಿ ಮರುದಿನ ಹೊರಟೆವು. ಅಲ್ಲಿಂದ ಐವತ್ತು ಕಿಲೋಮೀಟರ್ ಆಸುಪಾಸು. ಪಾಂಡವಪುರದ ಕಬ್ಬಿನ ಗದ್ದೆಗಳು ಹಿಂದಾದ ಮೇಲೆ ನೆಲ ಬಂಡೆಯಾಗುತ್ತ, ರಸ್ತೆ ಏರುತ್ತ ಹೋಗುತ್ತದೆ. ಊರೊಳಗೆ ಹೆಜ್ಜೆಗೊಂದು ಪುಳಿಯೋಗರೆ ಅಂಗಡಿ. ಪೊಟ್ಟಣ ಕಟ್ಟುತ್ತಿದ್ದ ಅಮ್ಮ "ಯಾವೂರು ನಿಮ್ದು?" ಎಂದರು. ಕಾಸರಗೋಡು ಎಂದೆ. "ಕೇರಳದೋರಾ? ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಾ!" ಈ ಹೊಗಳಿಕೆಯನ್ನು, ನಮ್ಮೂರು ಕೇರಳಕ್ಕೆ ಸೇರಿದ 1956ರಿಂದ, ನಾವು ಕೇಳುತ್ತಲೇ ಇದ್ದೇವೆ. ಮಾವ "ಹೌದು ತಾಯಿ, ಕಲಿತದ್ದು" ಎಂದು ನಕ್ಕು ಎರಡು ಪೊಟ್ಟಣ ಹೆಚ್ಚು ಕೊಂಡರು.

ಚೆಲುವನಾರಾಯಣ ಸ್ವಾಮಿಯ ದರ್ಶನ ಮುಗಿಸಿ, ಬೆಟ್ಟದ ಮೇಲಿನ ಯೋಗನರಸಿಂಹನಿಗೆ ಕೆಳಗಿನಿಂದಲೇ ಕೈಮುಗಿದು (ಮುನ್ನೂರಕ್ಕೂ ಮೀರಿದ ಮೆಟ್ಟಿಲು, ಮಾವನ ಮೊಣಕಾಲು), ಕಲ್ಯಾಣಿಯ ದಡದಲ್ಲಿ ಸ್ವಲ್ಪ ಹೊತ್ತು ಕೂತು ರಾಯಗೋಪುರದ ಕಡೆ ನಡೆದೆವು.

ಹತ್ತಿರದಿಂದ ನೋಡಿದರೆ ಮೊದಲು ಕಾಣುವುದು ಕಂಬಗಳಲ್ಲ, ಅಡಿಪೀಠ. ಪಟ್ಟಿ ಪಟ್ಟಿಯಾಗಿ ಕಡೆದ ಕಲ್ಲು, ನಡುವೆ ಬಾಗಿಲ ದಾರಿ. ಆ ದಾರಿಯಲ್ಲಿ ಕಂಬಗಳು ಏರಿವೆ, ತುದಿಯಲ್ಲಿ ತೊಲೆ, ತೊಲೆಯ ಮೇಲೆ ಬರೀ ಆಕಾಶ. ಕಂಬಕ್ಕೆ ಅಂಗೈ ಇಟ್ಟೆ. ನಮ್ಮ ಮುರಕಲ್ಲಿನ ಹಾಗೆ ತೂತುತೂತಲ್ಲ, ನುಣುಪು. ಬಿಸಿಲು ಬಿದ್ದ ಮಗ್ಗುಲು ಸುಡುತ್ತಿತ್ತು, ನೆರಳಿನ ಮಗ್ಗುಲು ಮಣ್ಣಿನ ಮಡಕೆಯಂತೆ ತಣ್ಣಗಿತ್ತು. ಮಾವ ಆ ತಂಪಿಗೆ ಬೆನ್ನು ಕೊಟ್ಟು ನಿಂತರು.

ಇದು ಬಿದ್ದುಹೋದ ಗೋಪುರವಲ್ಲ, ಏಳದೇ ಉಳಿದದ್ದು. ವಿಜಯನಗರದ ಕಾಲದ ಕಟ್ಟುವ ಕ್ರಮ ಗೊತ್ತಿದ್ದರೆ ಇಲ್ಲಿ ಕೆಲಸ ಎಲ್ಲಿಗೆ ನಿಂತಿತೆಂದು ಬೆರಳಿಟ್ಟು ತೋರಿಸಬಹುದು. ಗೋಪುರದ ಕೆಳಭಾಗ ಕಲ್ಲಿನದು, ಭಾರ ಹೊರುವುದು ಅದೇ. ಅದರ ಮೇಲೆ ಅಂತಸ್ತು ಅಂತಸ್ತಾಗಿ ಇಟ್ಟಿಗೆ ಮತ್ತು ಗಾರೆ, ಗಾರೆಯಲ್ಲೇ ದೇವತೆಗಳು, ತುದಿಯಲ್ಲಿ ಕಲಶ. ಇಲ್ಲಿ ಕಲ್ಲುಕೆಲಸದವರು ತಮ್ಮ ಪಾಲು ಮಾಡಿ ಹೋಗಿದ್ದಾರೆ, ಇಟ್ಟಿಗೆಯವರು ಬರಲೇ ಇಲ್ಲ. ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾಯಿತೆಂದು ಬಿಟ್ಟುಹೋದರು ಎಂಬುದು ಊರಿನವರ ಕತೆ. ದಕ್ಷಿಣದಲ್ಲಿ ಇಂಥ ಅರೆಗೆಲಸದ ಗೋಪುರಗಳು ಬೇರೆಯೂ ಇವೆ. ಮದುರೆಯಲ್ಲೊಂದಿದೆ, ಅದರ ಹೆಸರೂ ರಾಯಗೋಪುರವೇ. ಶ್ರೀರಂಗದ ರಾಜಗೋಪುರ ಶತಮಾನಗಳ ಕಾಲ ಮೋಟಾಗಿ ನಿಂತಿದ್ದು 1987ರಲ್ಲಿ ಪೂರ್ತಿಯಾಗಿ 236 ಅಡಿ ಏರಿತು. ಮೇಲುಕೋಟೆಯದನ್ನೂ ಹಾಗೆ ಯಾರಾದರೂ ಮುಗಿಸಿದರೆ? ನನಗಂತೂ ಬೇಡ. ಮುಗಿದ ಗೋಪುರಗಳು ನಾಡಿನ ತುಂಬ ಇವೆ, ಅವುಗಳಲ್ಲಿ ಒಂದಾಗಿಬಿಡುತ್ತದೆ.

ಕ್ಯಾಮೆರಾಕ್ಕೂ ಬೇಕಾದದ್ದು ಈ ಅಪೂರ್ಣತೆಯೇ. ಸೂರಿಲ್ಲದ್ದರಿಂದ ಬೆಳಕು ನೇರ ಕೆಳಗಿಳಿಯುತ್ತದೆ. ಕಂಬಗಳ ನಡುವೆ ಮನುಷ್ಯನನ್ನು ನಿಲ್ಲಿಸಿದರೆ ಅವನು ಚಿಕ್ಕವನಾಗಿಯೂ ಕಾಣುತ್ತಾನೆ, ಮುಖ್ಯನಾಗಿಯೂ ಕಾಣುತ್ತಾನೆ. ದಳಪತಿಯ ಛಾಯಾಗ್ರಾಹಕ ಸಂತೋಷ್ ಶಿವನ್. ನಾಯಕನ ಹೆಸರು ಸೂರ್ಯ, ಕತೆ ಸೂರ್ಯಪುತ್ರನದು. ಅಂಥ ಚಿತ್ರಕ್ಕೆ ಸೂರುಳ್ಳ ಗುಡಿ ತಂದು ಏನು ಮಾಡುವುದು?

ಹಾಗೆಂದು ದೇವರಿಲ್ಲದ ಜಾಗ ಯಾರಪ್ಪನದೂ ಅಲ್ಲ ಎಂದುಕೊಂಡವರಿಗೆ ಮೇಲುಕೋಟೆ ಪಾಠ ಕಲಿಸಿದ್ದೂ ಉಂಟು. 2022ರಲ್ಲಿ ತೆಲುಗು ಮೂಲದ ಚಿತ್ರತಂಡವೊಂದು ಇಲ್ಲಿ ಬಾರಿನ ಸೆಟ್ ಹಾಕಿತು. ಊರವರು ಸಿಡಿದೆದ್ದರು, ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಕುಣಿತವನ್ನು ಸಹಿಸಿದ ಊರು ಬಾಟಲಿಯನ್ನು ಸಹಿಸಲಿಲ್ಲ. ನನಗೆ ಅವರ ಸಿಟ್ಟು ಸರಿಯೆನಿಸಿತು. ಪೂಜೆಯಿಲ್ಲದಿದ್ದರೂ ಅದು ಬಾಗಿಲು ತಾನೆ? ಯಾರದೋ ಬರವಿಗೆಂದೇ ಎತ್ತಿ ನಿಲ್ಲಿಸಿದ್ದು.

ಅಷ್ಟಕ್ಕೂ ಮೇಲುಕೋಟೆಗೆ ಬೆಳಕಿನ ಆಟ ಕಲಿಸಲು ಸಿನಿಮಾ ಬರಬೇಕಿರಲಿಲ್ಲ. ವರ್ಷಕ್ಕೊಮ್ಮೆ, ಮಾರ್ಚ್-ಏಪ್ರಿಲಿನ ಹೊತ್ತಿಗೆ, ವೈರಮುಡಿಯ ರಾತ್ರಿ ಇಡೀ ಊರೇ ರಂಗಸ್ಥಳ. ವಜ್ರದ ಆ ಕಿರೀಟ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಬರುತ್ತದೆ. ಉತ್ಸವಮೂರ್ತಿಯ ಮುಡಿಗೇರಿ ಬೀದಿಗಿಳಿದಾಗ ಜನ ಕತ್ತೆತ್ತಿ ನೋಡುವುದು ಆ ಹೊಳಪನ್ನೇ. ಅಲ್ಲಿ ರೀಟೇಕ್ ಇಲ್ಲ.

ನಾವು ಕಂಬಗಳ ನಡುವೆ ಕೂತು ಪುಳಿಯೋಗರೆ ಬಿಚ್ಚಿದೆವು. ಅಷ್ಟರಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಯೊಂದು ಬಂತು. ಹುಡುಗಿಯ ಕೆಂಪು ಗೌನಿನ ಸೆರಗನ್ನು ಇಬ್ಬರು ಹಿಡಿದುಕೊಂಡಿದ್ದರು, ಹುಡುಗ ಕಪ್ಪು ಕೋಟಿನಲ್ಲಿ ಬೆವರುತ್ತಿದ್ದ. ಫೋಟೊಗ್ರಾಫರ್ ಬಹಳ ವಿನಯದಿಂದ ಕೇಳಿದ: "ಸಾರ್, ಸ್ವಲ್ಪ ಆ ಕಡೆ ಕೂತ್ಕೊಳ್ಳಿ, ಫ್ರೇಮಲ್ಲಿ ಬರ್ತೀರಾ." ಮಾವ ಎಲೆಯ ಸಮೇತ ಎದ್ದು ಬಂಡೆಯ ಮೇಲೆ ಹೋಗಿ ಕೂತರು. ಹುಡುಗಿಯ ಸೆರಗು ಹರಡಿತು, ಹುಡುಗ ಮೊಣಕಾಲೂರಿದ, ಸಹಾಯಕ ಬೆಳಕಿನ ತಟ್ಟೆಯನ್ನು ಓರೆ ಹಿಡಿದ. ಫೋಟೊಗ್ರಾಫರ್ ಮತ್ತೆ ಕ್ಯಾಮೆರಾ ಇಳಿಸಿ ಗೋಪುರದ ಬುಡದತ್ತ ಕೈ ತೋರಿಸಿದ.

"ಸಾರ್, ಆ ಚಪ್ಪಲಿ ಯಾರ್ದು?"